ಪಕ್ಕದ ಸೀಟಿನ ನೆಲ

ಜನವರಿ ೯

ಸೈಲೆನ್ಸರ್ ಸಾಹೇಬರಿಗೆ, ಅಂದರೆ ನನ್ನ ಒಬ್ಬನೇ ಒಬ್ಬ ಭಾಮೈದನಿಗೆ, ಆಶೀರ್ವಾದ.

ಫೋನ್ ಇದ್ದೂ ಕಾಗದ ಬರೆಯುತ್ತಿದ್ದಾನಲ್ಲ ಭಾವ ಎಂದು ನಗಬೇಡ. ನಿನ್ನ ಸೈಲೆನ್ಸರ್ ಅಂಗಡಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತುವವಳು ನಿನ್ನ ಅಕ್ಕನೇ. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಡುತ್ತಾಳೆ. ಒಮ್ಮೆ ಮೂಗು ಹಿಡಿದುಕೊಂಡು ಗಿರಾಕಿಯ ಹಾಗೆ ಮಾತಾಡಿದೆ. ‘ನಿಮ್ಮ ಕನ್ನಡಕದ ಅಂಗಡಿ ಹಗಲೊತ್ತೇ ಮುಚ್ಚಿದ್ದೀರಾ? ವ್ಯಾಪಾರ ಇಲ್ವಾ?’ ಎಂದು ಕೇಳಿ ಇಟ್ಟಳು. ನನ್ನ ಮೂಗನ್ನೂ ಗುರುತು ಹಿಡಿಯುವವಳ ಜೊತೆ ಏನು ಮಾಡಲಿ?

ವಿಷಯಕ್ಕೆ ಬರುತ್ತೇನೆ. ನನ್ನ ಕಾರಿಗೆ ಹೆಡರ್ ಹಾಕಿ ಒಂದೂವರೆ ವರ್ಷವಾಯಿತು. ನಿನಗೆ ಗೊತ್ತಿರುವುದೇ, ಆದರೂ ರೋಗಿ ಮೊದಲಿನಿಂದ ಹೇಳಬೇಕು ತಾನೆ. ಕಂಪನಿಯವರು ಕೊಟ್ಟಿದ್ದ ಬೀಡುಕಬ್ಬಿಣದ ಗಡ್ಡೆಯನ್ನು ಬಿಚ್ಚಿ, ಆ ಜಾಗದಲ್ಲಿ ನಾಲ್ಕು ಉಕ್ಕಿನ ಪೈಪುಗಳ ಹೆಡರನ್ನು ನಾನೇ ಕೂರಿಸಿದೆ. ಎಂಜಿನ್ನಿನ ಹೊಗೆ ನಾಲ್ಕು ದಾರಿಯಲ್ಲಿ ಸಲೀಸಾಗಿ ಹೊರಟು, ಕೆಳಗೆ ಒಂದಾಗಿ, ಸೈಲೆನ್ಸರಿಗೆ ಹೋಗುತ್ತದೆ. ಗುಡ್ಡದ ರಸ್ತೆಯಲ್ಲಿ ಈಗ ನನ್ನ ಗಾಡಿಗೆ ಏದುಸಿರಿಲ್ಲ. ಆದರೆ ಕಂಪನಿಯ ಗಾಡಿಗೆ ಹೊರಗಿನವರ ಸಾಮಾನು ಹಾಕುವುದೆಂದರೆ ಬೇರೆಯವರ ಅಳತೆಯ ಬೂಟು ಹಾಕಿಕೊಂಡ ಹಾಗೆ. ಎಲ್ಲಾದರೂ ಕಚ್ಚಿಯೇ ಕಚ್ಚುತ್ತದೆ.

ಮೊದಲು ಪ್ಲಗ್ಗಿನ ವೈರು ಸುಟ್ಟಿತು. ಅದಕ್ಕೆ ಬಿಸಿ ತಡೆಯುವ ಕೊಳವೆ ತೊಡಿಸಿದೆ. ಆಮೇಲೆ ಕ್ಲಚ್ಚಿನ ಕೇಬಲ್ಲು ಬಿಸಿಗೆ ಬಿಗಿದುಕೊಂಡಿತು. ಅದನ್ನು ಸುತ್ತು ದಾರಿಯಲ್ಲಿ ಎಳೆದೆ. ಕೊನೆಗೆ ಪೈಪು ಸ್ಟೇರಿಂಗಿನ ಕಂಬಿಗೇ ತಾಗತೊಡಗಿತು. ತಿರುವಿನಲ್ಲಿ ಕಂಬಿ ಸಿಕ್ಕಿಕೊಂಡರೆ ಕಥೆ ಮುಗಿಯಿತಲ್ಲ. ಪೈಪಿನ ಕೆಳತುದಿಯನ್ನು ಕತ್ತರಿಸಿ, ಗೇರ್‌ಬಾಕ್ಸಿನ ಅಡಿಯಿಂದ ಪಕ್ಕದ ಸೀಟಿನ ಕಡೆಗೆ ತಿರುಗಿಸಿ ಬೆಸುಗೆ ಹಾಕಿಸಿದೆ. ಈಗ ನನ್ನ ಕಡೆ ಹೆಬ್ಬೆರಳು ಹೋಗುವಷ್ಟು ಸಂದು ಇದೆ.

ಉಳಿದಿರುವುದು ಒಂದೇ ಕಾಟ. ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಪಕ್ಕದ ಸೀಟಿನ ಅಡಿಯಲ್ಲಿ ಯಾರೋ ಬಾಗಿಲು ತಟ್ಟಿದಂತೆ ಠಕ್ ಠಕ್ ಎನ್ನುತ್ತದೆ. ಗಾಡಿ ನಿಲ್ಲಿಸಿ, ಕೆಳಗೆ ಮಲಗಿ ನೋಡಿದರೆ ಅಲ್ಲೂ ಸಂದು ಇದ್ದೇ ಇದೆ. ಕನ್ನಡಕದ ಗಾಜು ತೂರಿಸಿ ನೋಡಿದೆ, ಆರಾಮವಾಗಿ ಹೋಯಿತು. ಇದು ನಿನ್ನ ಕಸುಬು, ಉಪಾಯ ಹೇಳು.

ನಿನ್ನ ಅಕ್ಕನನ್ನು ನಾಲ್ಕು ದಿನ ಇದ್ದು ಬರಲಿ ಎಂದು ಬಿಟ್ಟು ಬಂದೆ. ನಾಲ್ಕು ದಿನ ಎಂಬುದು ರಬ್ಬರಿನ ಹಾಗೆ ಎರಡು ತಿಂಗಳಾಯಿತು. ಸದ್ದು ಸರಿಹೋದ ಮೇಲೆ ನಾನೇ ಬಂದು ಕರೆದುಕೊಂಡು ಬರುತ್ತೇನೆಂದು ಹೇಳು. ಅವಳದೊಂದು ಚಪ್ಪಲಿ ನನ್ನ ಗಾಡಿಯಲ್ಲೇ ಉಳಿದಿದೆ ಎಂದೂ ಹೇಳು.

ನಿನ್ನ ಭಾವ


ಜನವರಿ ೧೮

ಭಾವನವರಿಗೆ ನಮಸ್ಕಾರ.

ನಿಮ್ಮ ಕಾಗದ ತಲುಪಿತು. ಅಂಗಡಿಯಲ್ಲೇ ಗಟ್ಟಿಯಾಗಿ ಓದಿದೆ. ಅಕ್ಕ ಪಕ್ಕದಲ್ಲೇ ಗ್ಯಾಸ್ಕೆಟ್ ಕತ್ತರಿಸುತ್ತ ಕೂತಿದ್ದಳು. ಪೈಪು ಪೈಪು ಕೂಡುವಲ್ಲಿ ಹೊಗೆ ಸೋರದಂತೆ ನಡುವೆ ಇಡುವ ಹಾಳೆಗಳನ್ನು ಈಗ ನಮ್ಮ ಅಂಗಡಿಯಲ್ಲಿ ಅವಳೇ ಕತ್ತರಿಸುತ್ತಾಳೆ, ಹೊಲಿಗೆಯ ಕತ್ತರಿಯಿಂದ. ‘ಅಂಗಿಯ ಕಂಕುಳು ಕತ್ತರಿಸೋದಕ್ಕಿಂತ ಇದು ಸುಲಭ, ಇದಕ್ಕೆ ಬೆವರೋದು ಗೊತ್ತಿಲ್ಲ’ ಎನ್ನುತ್ತಾಳೆ.

ಗಾಡಿ ನಿಂತಾಗ ಅಳೆದ ಸಂದು ಸಂದಲ್ಲ, ಭಾವ. ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ. ನೀವು ಒತ್ತಿದಾಗ ಅದು ಮಲಗಿದವನು ಮಗ್ಗುಲು ಬದಲಾಯಿಸಿದ ಹಾಗೆ ಹೊರಳುತ್ತದೆ. ಅದರ ಜೊತೆ ಪೈಪೂ ಹೊರಳುತ್ತದೆ. ಮೇಲಾಗಿ ಕಾದ ಪೈಪು ಬೆಳೆಯುತ್ತದೆ. ತಣ್ಣಗಿರುವಾಗ ಗಾಜು ಹೋಗುವ ಜಾಗದಲ್ಲಿ ಕಾದಾಗ ಗಾಳಿಯೂ ಹೋಗುವುದಿಲ್ಲ.

ಹೀಗೆ ಮಾಡಿ. ಜೇಡಿಮಣ್ಣನ್ನು ಕಲಸಿ ಸಣ್ಣ ಸಣ್ಣ ಉಂಡೆ ಕಟ್ಟಿ. ಎಲ್ಲೆಲ್ಲಿ ಅನುಮಾನವೋ ಅಲ್ಲೆಲ್ಲ ಪೈಪಿಗೂ ತಗಡಿಗೂ ನಡುವೆ ಅಂಟಿಸಿ. ಸ್ಟೇರಿಂಗಿನ ಕಂಬಿಯ ಹತ್ತಿರ ಒಂದು, ಗೇರ್‌ಬಾಕ್ಸಿನ ಹತ್ತಿರ ಒಂದು, ಪಕ್ಕದ ಸೀಟಿನ ನೆಲದ ಅಡಿಯಲ್ಲಿ ಒಂದು. ಒಮ್ಮೆ ಗುಡ್ಡ ಹತ್ತಿ ಇಳಿದು ಬನ್ನಿ. ಯಾವ ಉಂಡೆ ಎಷ್ಟು ಚಪ್ಪಟೆಯಾಗಿದೆಯೋ ಅದೇ ನಿಮ್ಮ ಉತ್ತರ. ಹಾಗೆಯೇ ಎಂಜಿನ್ ಕೂತಿರುವ ಎರಡು ರಬ್ಬರುಗಳನ್ನೂ ಟಾರ್ಚ್ ಹಾಕಿ ನೋಡಿ.

ಕಾಗದದ ಕೊನೆಯ ಸಾಲುಗಳನ್ನು ಓದಿದಾಗ ಅಕ್ಕ ಕತ್ತರಿ ನಿಲ್ಲಿಸಲಿಲ್ಲ. ‘ಏನಂತ ಬರೀಲಿ ಅಕ್ಕ?’ ಎಂದು ಕೇಳಿದೆ.

‘ಮಣ್ಣಿನ ವಿಷಯ ಬರಿ’ ಎಂದಳು.

ಬರೆದಿದ್ದೇನೆ.

ನಿಮ್ಮ ಭಾಮೈದ


ಫೆಬ್ರವರಿ ೨

ಭಾಮೈದನಿಗೆ,

ನಿನ್ನ ಮಣ್ಣಿನ ಮದ್ದು ಮಾಡಿದೆ. ನಾನು ಬಕೆಟ್ಟಿನಲ್ಲಿ ಜೇಡಿಮಣ್ಣು ಹೊತ್ತು ಬರುವುದನ್ನು ನೋಡಿ ಎದುರುಮನೆಯ ಟೀಚರ್, ‘ಏನ್ರೀ, ಕನ್ನಡಕ ಬಿಟ್ಟು ಮಡಕೆ ಮಾಡೋಕೆ ಹೊರಟ್ರಾ?’ ಎಂದರು. ‘ಇಲ್ಲ ಮೇಡಂ, ಮನೇಲಿ ಹೆಂಡತಿ ಇಲ್ಲ, ಹೊಟ್ಟೆಗೆ ಏನಾದ್ರೂ ಬೇಕಲ್ಲ’ ಎಂದೆ. ನಕ್ಕರು. ಆಮೇಲೆ ಸಂಜೆ ಒಂದು ಡಬ್ಬಿಯಲ್ಲಿ ಊಟ ಕಳಿಸಿದರು. ತಮಾಷೆಗೆ ಹೇಳಿದ್ದಪ್ಪ, ಆದರೂ ತಿಂದೆ.

ಗುಡ್ಡ ಹತ್ತಿ ಇಳಿದು ಬಂದು, ಗಾಡಿ ಆರಿದ ಮೇಲೆ ಕೆಳಗೆ ಮಲಗಿದೆ. ಸ್ಟೇರಿಂಗಿನ ಕಡೆಯ ಉಂಡೆ ಇಟ್ಟ ಹಾಗೆಯೇ ಇತ್ತು, ನನ್ನ ಬೆರಳಿನ ಗೆರೆ ಕೂಡ ಅಳಿಸಿರಲಿಲ್ಲ. ನನ್ನ ಕೆಲಸ ಎಂದರೆ ಹಾಗೆ. ಗೇರ್‌ಬಾಕ್ಸಿನ ಹತ್ತಿರದ್ದು ಸ್ವಲ್ಪ ತಗ್ಗಿತ್ತು, ಪರವಾಗಿಲ್ಲ. ಪಕ್ಕದ ಸೀಟಿನ ಅಡಿಯದು ಅಪ್ಪಚ್ಚಿ. ಕಾಗದದಷ್ಟು ತೆಳುವಾಗಿ, ಸುಟ್ಟು, ಹೆಂಚಿನ ಚೂರಿನ ಹಾಗೆ ಕೈಗೆ ಬಂತು.

ಪೈಪು ಬಿಚ್ಚಿ ಬಗ್ಗಿಸೋಣವೆಂದರೆ ಮತ್ತೆ ಸ್ಟೇರಿಂಗಿನ ತಂಟೆ. ಕಷ್ಟಪಟ್ಟು ಮಾಡಿಕೊಂಡ ಸಂದನ್ನು ನಾನೇ ಯಾಕೆ ಕೆಡಿಸಿಕೊಳ್ಳಲಿ? ಅದಕ್ಕೆ ಬೇರೆ ದಾರಿ ಹಿಡಿದೆ. ಪೈಪು ಬಗ್ಗದಿದ್ದರೆ ನೆಲ ಬಗ್ಗಲಿ. ಕೆಳಗಿನಿಂದ ಸುತ್ತಿಗೆ ಹಾಕಿ ನೆಲದ ತಗಡನ್ನೇ ಮೇಲಕ್ಕೆ ತಟ್ಟಿದೆ. ಪಕ್ಕದ ಸೀಟಿನವರು ಕಾಲಿಡುವಲ್ಲಿ ಆಮೆಯ ಬೆನ್ನಿನಷ್ಟು ಉಬ್ಬು ಬಂದಿದೆ, ಅಷ್ಟೇ. ಮ್ಯಾಟ್ ಹಾಸಿದರೆ ಕಾಣುವುದೂ ಇಲ್ಲ.

ಸದ್ದು ನಿಂತಿತು. ಪೂರ್ತಿ ನಿಂತಿತು. ನಿನ್ನ ಮಣ್ಣಿಗೂ ನನ್ನ ಸುತ್ತಿಗೆಗೂ ಜೈ.

ಬರುವ ಭಾನುವಾರ ಬರುತ್ತೇನೆ. ಅವಳಿಗೆ ಚೀಲ ಕಟ್ಟಿಕೊಂಡು ರೆಡಿಯಾಗಿರಲು ಹೇಳು. ಬೆಳಿಗ್ಗೆಯೇ ಹೊರಟರೆ ಬಿಸಿಲು ಏರುವ ಮೊದಲು ಮನೆ ಸೇರಬಹುದು.

ನಿನ್ನ ಭಾವ


ಫೆಬ್ರವರಿ ೬

ಭಾವನವರಿಗೆ,

ಈ ಭಾನುವಾರ ಬರಬೇಡಿ.

ನೀವು ನಿಲ್ಲಿಸಿದ್ದು ಸದ್ದನ್ನು. ಬಿಸಿಯನ್ನಲ್ಲ. ನೆಲದ ತಗಡನ್ನು ಮೇಲಕ್ಕೆ ತಟ್ಟಿದಿರಿ, ಪೈಪು ಇದ್ದಲ್ಲೇ ಇದೆ. ಕಾಲಿಡಲು ಮೊದಲು ಎಷ್ಟು ಜಾಗ ಇತ್ತೋ ಈಗ ಅಷ್ಟೂ ಇಲ್ಲ, ಇಟ್ಟರೆ ಕಾದ ಉಬ್ಬಿನ ಮೇಲೆಯೇ ಇಡಬೇಕು. ಮ್ಯಾಟ್ ಹಾಸಿದರೆ ಕಾಣುವುದಿಲ್ಲ ಎಂದು ಬರೆದಿದ್ದೀರಿ. ಕಾಣುವುದು ಬೇಡ ಭಾವ, ಅಲ್ಲಿ ಒಬ್ಬರು ಕೂರುತ್ತಾರೆ.

ಅಕ್ಕನನ್ನು ನೀವು ನಮ್ಮ ಮನೆಯ ಮುಂದೆ ಇಳಿಸಿದ ದಿನ ಅವಳ ಒಂದು ಕಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದು ನಿಮ್ಮ ಮ್ಯಾಟಿಗೆ ಕರಗಿ ಅಂಟಿಕೊಂಡಿತ್ತು. ನೀವು, ‘ನಿಮ್ಮಕ್ಕನ ಪಾದ ಗುಲಾಬಿ ಹೂ ಕಣೋ, ಮುಟ್ಟಿದ್ರೆ ಬಾಡುತ್ತೆ’ ಎಂದಿರಿ. ನಾವೆಲ್ಲ ನಕ್ಕೆವು. ಅಕ್ಕನೂ ನಕ್ಕಳು. ನೀವು ಹೋದ ಮೇಲೆ ಬಚ್ಚಲಿಗೆ ಹೋದವಳು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನನ್ನ ಹೆಂಡತಿ ಹೋಗಿ ನೋಡಿದರೆ ಬಕೆಟ್ಟಿನ ನೀರಿನಲ್ಲಿ ಕಾಲಿಟ್ಟು ಗೋಡೆಗೆ ಒರಗಿ ಕೂತಿದ್ದಳಂತೆ. ಅಂಗಾಲಿನ ಚರ್ಮ ಬೇಯಿಸಿದ ಹಾಗಿತ್ತಂತೆ. ಅದು ಒಂದು ದಿನದ್ದಲ್ಲ, ಹಳೆಯ ಕಲೆಗಳೂ ಇದ್ದವು ಎಂದಳು.

ನೀವು ಕೇಳಿದ್ದು ಪೈಪಿನ ವಿಷಯ, ಆದ್ದರಿಂದ ಪೈಪಿನ ವಿಷಯವನ್ನೇ ಹೇಳುತ್ತೇನೆ. ನಿಮ್ಮ ಕಡೆ ತಾಗಿದಾಗಲೆಲ್ಲ ನೀವು ಅದನ್ನು ಆ ಕಡೆಗೆ ತಳ್ಳಿದ್ದೀರಿ. ಸಂದು ಎಲ್ಲಿಂದಲೋ ಹುಟ್ಟುವುದಿಲ್ಲ. ಒಂದು ಕಡೆ ಬಿಟ್ಟರೆ ಇನ್ನೊಂದು ಕಡೆಯಿಂದ ತೆಗೆದದ್ದೇ ಆಗಿರುತ್ತದೆ.

ಎಂಜಿನ್ನಿನ ರಬ್ಬರು ನೋಡಿದಿರಾ? ಆ ಕಡೆಯದು ಹರಿದಿರಬೇಕು. ಅದನ್ನು ಬದಲಾಯಿಸಿ. ಆಮೇಲೆ ಒಂದೇ ಒಂದು ಕೆಲಸ ಮಾಡಿ. ಯಾರಾದರೂ ಗಾಡಿ ಓಡಿಸಲಿ, ನೀವು ಒಮ್ಮೆ ಪಕ್ಕದ ಸೀಟಿನಲ್ಲಿ ಕೂತು ಗುಡ್ಡ ಹತ್ತಿ ಬನ್ನಿ. ಬಂದು ನನಗೆ ಬರೆಯಿರಿ. ಅಷ್ಟಾದರೆ ಮುಂದಿನದನ್ನು ನಾನು ಮಾಡಿಕೊಡುತ್ತೇನೆ.

ನಿಮ್ಮ ಭಾಮೈದ


ಫೆಬ್ರವರಿ ೨೦

ಭಾಮೈದನಿಗೆ,

ನಾನು ಕೇಳಿದ್ದು ಸೈಲೆನ್ಸರ್ ರಿಪೇರಿ. ನೀನು ಶುರು ಮಾಡಿದ್ದು ಸಂಸಾರ ರಿಪೇರಿ. ಅದಕ್ಕೂ ಬೋರ್ಡ್ ಹಾಕಿಸಿದ್ದೀಯಾ?

ಮದುವೆಯಲ್ಲಿ ನೀನು ಚಡ್ಡಿ ಹಾಕಿಕೊಂಡು ನನ್ನ ಬೂಟು ಬಚ್ಚಿಟ್ಟವನು. ಇವತ್ತು ನನಗೆ ಎಲ್ಲಿ ಕೂರಬೇಕು ಎಂದು ಹೇಳುವಷ್ಟು ದೊಡ್ಡವನಾಗಿದ್ದೀಯ. ಸಂತೋಷ. ಆದರೆ ಕೇಳು. ನನ್ನ ಗಾಡಿಯ ಸ್ಟೇರಿಂಗನ್ನು ನಾನು ಯಾರ ಕೈಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಆ ಹೆಡರಿನ ಒಂದೊಂದು ನಟ್ಟನ್ನೂ ಬಿಗಿದವನು ನಾನು. ಯಾವನೋ ಒಬ್ಬ ಬಂದು ತಿರುವಿನಲ್ಲಿ ಗೇರು ಕಿರಿಚಿಸುವುದನ್ನು ಪಕ್ಕದಲ್ಲಿ ಕೂತು ಕೇಳಬೇಕೇ?

ಬಿಸಿ ಎಂದು ಅವಳು ಹೇಳುತ್ತಿದ್ದಳು, ಇಲ್ಲ ಎನ್ನುವುದಿಲ್ಲ. ಹೇಗೆ ಹೇಳುತ್ತಿದ್ದಳು ಎಂದು ಕೇಳು. ‘ಸ್ವಲ್ಪ ಬಿಸಿ ಅನ್ಸುತ್ತೆ’ ಎನ್ನುತ್ತಿದ್ದಳು. ನನ್ನ ಅಂಗಡಿಗೆ ಬಂದ ಗಿರಾಕಿ ‘ಸ್ವಲ್ಪ ಮಸುಕು’ ಎಂದರೆ ಕಾಲು ನಂಬರು ಏರಿಸುತ್ತೇನೆ, ಎರಡು ನಂಬರು ಏರಿಸುವುದಿಲ್ಲ. ಸ್ವಲ್ಪ ಎಂದರೆ ಸ್ವಲ್ಪ ಎಂದು ತಿಳಿದೆ. ಅದು ತಪ್ಪೇ? ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಎಂದೆ. ಲೋಕದಲ್ಲಿ ಯಾವ ಗಂಡ ಹೇಳಿಲ್ಲ? ಅಂಗಾಲು ಬೆಂದಿದ್ದರೆ ನನಗೆ ತೋರಿಸಬೇಕಿತ್ತು. ನಿಮ್ಮ ಮನೆಯ ಬಚ್ಚಲಿಗೆ ತೋರಿಸಿದರೆ ನನಗೆ ಹೇಗೆ ಗೊತ್ತಾಗಬೇಕು?

ರಬ್ಬರು ನೋಡಿದೆ. ನೀನು ಹೇಳಿದ್ದೇ ಸರಿ, ಆ ಕಡೆಯದು ಹರಿದು ಎರಡಾಗಿತ್ತು. ಬದಲಾಯಿಸಿದ್ದೇನೆ. ಕಸುಬಿನಲ್ಲಿ ನಿನ್ನ ಮಾತಿಗೆ ಎದುರಿಲ್ಲ. ಕಸುಬು ಬಿಟ್ಟು ಹೊರಗೆ ಬರಬೇಡ.

ಅವಳಿಗೆ ಬರುವ ಮನಸ್ಸಿದ್ದರೆ ಬಸ್ಸು ಇದೆ.

ನಿನ್ನ ಭಾವ


ಏಪ್ರಿಲ್ ೪

ಭಾವನವರಿಗೆ ನಮಸ್ಕಾರ.

ಇಷ್ಟು ದಿನ ಬರೆಯಲಿಲ್ಲ ಎಂದರೆ ತಪ್ಪಾಗುತ್ತದೆ. ಬರೆದೆ. ಎರಡು ಸಲ ಬರೆದದ್ದನ್ನೂ ಅಕ್ಕ ಹರಿದು ಒಲೆಗೆ ಹಾಕಿದಳು. ‘ಅವರ ಸಿಟ್ಟು ಅವರಿಗೆ ಒಪ್ಪುತ್ತೆ, ನಿನಗೆ ಒಪ್ಪಲ್ಲ. ನಿನ್ನ ಪಾಡಿಗೆ ನೀನು ಪೈಪು ಬಗ್ಗಿಸು’ ಎಂದಳು.

ಮೊನ್ನೆ ಅಂಗಡಿ ಮುಚ್ಚುವಾಗ ಅವಳೇ ಮಾತು ತೆಗೆದಳು. ಅದನ್ನು ಇದ್ದ ಹಾಗೆ ಬರೆಯುತ್ತೇನೆ.

‘ನೆಲ ತಣ್ಣಗಾದ್ರೆ ಬರ್ತೀನಿ ಅಂತ ಬರಿ’ ಎಂದಳು.

‘ಅಷ್ಟೇನಾ? ಬೇರೆ ಏನೂ ಕೇಳಲ್ವಾ?’ ಎಂದೆ.

‘ಬೇಡ. ಹತ್ತು ಕೇಳಿದ್ರೆ ಹತ್ತೂ ಆಗಲ್ಲ. ಒಂದೇ ಕೇಳು. ಒಂದಾದ್ರೂ ಆಗಲಿ.’

‘ಭಾವ ಮಾಡ್ತಾರೆ ಅಂತೀಯಾ?’

‘ಅವರ ಕೈ ಕೆಟ್ಟದ್ದಲ್ಲ ಕಣೋ. ಕೂತು ಮಾಡಿದ್ರೆ ನಿನಗಿಂತ ನೀಟಾಗಿ ಮಾಡ್ತಾರೆ. ಕೂರ್ಬೇಕು, ಅಷ್ಟೇ.’

ನಿಮ್ಮ ಮಾದರಿಯದೇ ಗಾಡಿಯೊಂದು ನಮ್ಮಲ್ಲಿಗೆ ಬೇರೆ ಕೆಲಸಕ್ಕೆ ಬಂದಿತ್ತು. ಅದರ ಅಡಿಯಲ್ಲಿ ಮಲಗಿ ಅಳತೆ ತೆಗೆದು, ನಿಮಗೆ ಒಂದು ಬಾಗು ಪೈಪು ಮಾಡಿದ್ದೇನೆ. ಇದು ಗೇರ್‌ಬಾಕ್ಸನ್ನು ದಾಟಿದ ಕೂಡಲೇ ಕೆಳಗಿಳಿದು ನಡುಮಧ್ಯದ ಪೊಟರೆಯಲ್ಲಿ ಹೋಗುತ್ತದೆ. ನಿಮ್ಮ ಸ್ಟೇರಿಂಗಿಗೂ ತಾಗುವುದಿಲ್ಲ, ಆ ಕಡೆಯ ನೆಲಕ್ಕೂ ತಾಗುವುದಿಲ್ಲ. ಒಂದು ಜಾಗದಲ್ಲಿ ಪೈಪನ್ನು ಕೆಂಪಗೆ ಕಾಯಿಸಿ ತಗ್ಗು ಮಾಡಿದ್ದೇನೆ. ಗುಡ್ಡದಲ್ಲಿ ನಿಮ್ಮ ಗಾಡಿಯ ಜೋರು ಒಂದು ಕೂದಲೆಳೆಯಷ್ಟು ಕಡಿಮೆಯಾಗಬಹುದು. ನಿಮಗೆ ಗೊತ್ತಾಗುವಷ್ಟಲ್ಲ.

ಜೊತೆಗೆ ಎರಡು ಪದರದ ತಗಡಿನ ಮರೆಯನ್ನೂ ಕಳಿಸಿದ್ದೇನೆ. ನಡುವೆ ಗಾಳಿ ಆಡುವಂತೆ ಅದನ್ನು ನೆಲದ ಅಡಿಗೆ ಬಿಗಿಯಿರಿ. ಉಬ್ಬನ್ನು ಮರದ ಕೊಡತಿಯಿಂದ ಮೆಲ್ಲಗೆ ತಟ್ಟಿ ಕೆಳಗಿಳಿಸಿ. ಪೈಪಿಗೆ ಬಿಸಿ ತಡೆಯುವ ಪಟ್ಟಿ ಸುತ್ತಲು ಹೋಗಬೇಡಿ, ಪಟ್ಟಿ ಸುತ್ತಿದಷ್ಟೂ ಸಂದು ಕಡಿಮೆಯಾಗುತ್ತದೆ, ನೀರು ಹಿಡಿದು ಪೈಪೂ ಕೊಳೆಯುತ್ತದೆ. ಗ್ಯಾಸ್ಕೆಟ್ ಕತ್ತರಿಸಿದ್ದು ಅಕ್ಕ. ಒಂದು ಹೆಚ್ಚಿಗೆ ಇರಲಿ ಎಂದು ಎರಡು ಇಟ್ಟಿದ್ದಾಳೆ.

ಒಂದು ಸಂಜೆಯ ಕೆಲಸ. ಇದನ್ನೆಲ್ಲ ಲಾರಿ ಪಾರ್ಸಲ್‌ನಲ್ಲಿ ಹಾಕಿದ್ದೇನೆ. ತಲುಪಿದ ಕೂಡಲೇ ಬರೆಯಿರಿ.

ನಿಮ್ಮ ಭಾಮೈದ


ಮೇ ೭

ಪ್ರೀತಿಯ ಭಾಮೈದನಿಗೆ,

ಕೈ ಮುಗಿದೆ ಮಾರಾಯ. ನಿನ್ನ ಪೈಪು ಪೈಪಲ್ಲ, ಒಡವೆ.

ತಲುಪಿದ ಕೂಡಲೇ ಬರೆ ಎಂದಿದ್ದೆ. ಪಾರ್ಸಲ್ ಬಂದದ್ದು ಏಪ್ರಿಲ್‌ನಲ್ಲೇ. ಜಗಲಿಯ ಮೂಲೆಯಲ್ಲಿತ್ತು. ಬಿಚ್ಚಬೇಕು, ಬಿಚ್ಚಬೇಕು ಎಂದುಕೊಳ್ಳುತ್ತಲೇ ಇದ್ದೆ. ಸದ್ದು ನಿಂತಿತ್ತಲ್ಲ, ಗಾಡಿ ಚೆನ್ನಾಗಿ ಓಡುತ್ತಿತ್ತು, ಅವಸರವೇನು ಎನಿಸಿತು. ಹೋದ ಭಾನುವಾರ ನನ್ನ ಗೆಳೆಯನನ್ನು ಗುಡ್ಡಕ್ಕೆ ಕರೆದುಕೊಂಡು ಹೋದೆ. ಬ್ಯಾಂಕಿನ ಕ್ಯಾಷಿಯರ್, ನೀನು ನೋಡಿದ್ದೀಯ, ಉದ್ದ ಮೂಗಿನವನು. ‘ನಿನ್ನ ಗಾಡೀಲಿ ಒಂದು ಸಲ ಕೂರ್ಬೇಕು’ ಎಂದು ಬಹಳ ದಿನದಿಂದ ಪ್ರಾಣ ತಿನ್ನುತ್ತಿದ್ದ. ಎರಡು ತಿರುವು ದಾಟಿಲ್ಲ, ‘ಲೋ, ಕೆಳಗೆ ಏನು ಕೆಂಡ ಇಟ್ಟಿದ್ದೀಯೇನೋ, ನಿಲ್ಲಿಸೋ’ ಎಂದು ಕಿರುಚಿದ. ನಿಲ್ಲಿಸಿದೆ. ಇಳಿದವನು ಮತ್ತೆ ಮುಂದೆ ಕೂರಲೇ ಇಲ್ಲ. ಹಿಂದಿನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತು ವಾಪಸು ಬಂದ. ದಾರಿಯುದ್ದಕ್ಕೂ, ‘ಇದನ್ನು ಗಾಡಿ ಅಂತಾರಾ, ಒಲೆ ಅಂತಾರೆ’ ಎಂದು ಛೇಡಿಸಿದ. ಸಾಯಂಕಾಲದ ಹೊತ್ತಿಗೆ ನಮ್ಮ ಗುಂಪಿಗೆಲ್ಲ ಸುದ್ದಿ. ಮರ್ಯಾದೆ ಎಲ್ಲಿ ಉಳಿಯಿತು?

ಸೋಮವಾರ ಅಂಗಡಿಗೆ ಬೀಗ ಹಾಕಿ ಕೂತೆ. ಪೂರ್ತಿ ಬಿಚ್ಚಿದೆ. ನಿನ್ನ ಬಾಗು ಪೈಪು ಒಂದೇ ಸಲಕ್ಕೆ ಕೂತಿತು, ಮೂಗಿನ ಮೇಲೆ ಕನ್ನಡಕ ಕೂತ ಹಾಗೆ. ಉಬ್ಬನ್ನು ತಟ್ಟಿ ಸಮ ಮಾಡಿದೆ. ತಗಡಿನ ಮರೆ ಬಿಗಿದೆ. ಗ್ಯಾಸ್ಕೆಟ್ ಕಂಪನಿಯದಕ್ಕಿಂತ ಚೆನ್ನಾಗಿದೆ ಎಂದು ನಿನ್ನ ಅಕ್ಕನಿಗೆ ಹೇಳು. ಮತ್ತೆ ಮಣ್ಣಿನ ಉಂಡೆ ಇಟ್ಟು ಗುಡ್ಡ ಹತ್ತಿದೆ. ಒಂದೂ ಮುಕ್ಕಾಗಿಲ್ಲ. ಕ್ಯಾಷಿಯರನ್ನೇ ಎಳೆದು ತಂದು ಕೂರಿಸಿದೆ. ಬರಿಗಾಲಿನಲ್ಲಿ ಕೂತ. ‘ಈಗ ಮಲಗಬಹುದು ಕಣೋ’ ಎಂದ.

ನೆಲ ತಣ್ಣಗಾದರೆ ಬರುತ್ತೇನೆ ಎಂದಿದ್ದಳಲ್ಲ, ತಣ್ಣಗಾಯಿತು. ಹದಿನೇಳರ ಭಾನುವಾರ ಬರುತ್ತೇನೆ. ಈ ಸಲ ಬೇಡ ಎನ್ನಬೇಡ.

ನಿನ್ನ ಭಾವ


ಮೇ ೨೦

ಮನೆಯವರಿಗೆ,

ಇಷ್ಟು ದಿನ ತಮ್ಮ ಬರೆಯುತ್ತಿದ್ದ. ಇದು ನಾನು ಬರೆಯುತ್ತಿರುವುದು.

ಭಾನುವಾರ ನೀವು ಹಾರನ್ ಹೊಡೆದಾಗ ನನ್ನ ಚೀಲ ಬಾಗಿಲಲ್ಲೇ ಇತ್ತು. ಅದನ್ನು ನೀವೂ ನೋಡಿದಿರಿ. ಆಮೇಲೆ ನಾನು ಬರುವುದಿಲ್ಲ ಎಂದಾಗ ‘ಚೀಲ ಕಟ್ಟಿಟ್ಟು ನಾಟಕ ಆಡ್ತೀಯಾ?’ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೇಳಿದಿರಿ. ಅದರ ಉತ್ತರ ಈಗ ಹೇಳುತ್ತೇನೆ. ನಾಟಕ ಆಡಲಿಲ್ಲ. ಬರಬೇಕೆಂದೇ ಕಟ್ಟಿದ್ದೆ. ಬೆಳಿಗ್ಗೆ ಎದ್ದು ತಲೆಗೆ ನೀರು ಹಾಕಿಕೊಂಡಿದ್ದೆ. ತಮ್ಮನ ಹೆಂಡತಿ ನನ್ನನ್ನು ನೋಡಿ, ‘ಮದುಮಗಳ ಹಾಗೆ ಓಡಾಡ್ತಿದ್ದೀರಿ’ ಎಂದು ರೇಗಿಸಿದಳು.

ನೀವು ಬಾಗಿಲು ತೆಗೆದು, ‘ಮುಟ್ಟಿ ನೋಡು’ ಎಂದಿರಿ. ಬಗ್ಗಿ ಮುಟ್ಟಿದೆ. ಅಷ್ಟು ದೂರ ಓಡಿಸಿಕೊಂಡು ಬಂದಿದ್ದರೂ ನೆಲ ತಣ್ಣಗಿತ್ತು. ಅಂಗೈ ಪೂರ್ತಿ ಇಟ್ಟೆ. ಉಬ್ಬು ಇರಲಿಲ್ಲ. ನನಗೆ ಆದ ಖುಷಿಯನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನನ್ನ ಒಂದು ಮಾತನ್ನು ಮನಸ್ಸಿಗೆ ಹಾಕಿಕೊಂಡು, ಒಂದು ದಿನ ಕೂತು, ಇಷ್ಟು ನೀಟಾಗಿ ಮಾಡಿದ್ದಾರಲ್ಲ ಎಂದುಕೊಂಡೆ. ಏನೋ ಹೇಳಲು ಬಾಯಿ ತೆಗೆದಿದ್ದೆ ಕೂಡ. ಅಷ್ಟರಲ್ಲಿ ನೀವು ನಕ್ಕು, ‘ಥ್ಯಾಂಕ್ಸು ನನಗಲ್ಲ, ಕ್ಯಾಷಿಯರ್‌ಗೆ ಹೇಳು. ಅವನು ಕಿರುಚಿದ್ದಕ್ಕೆ ಇಷ್ಟಾಯ್ತು. ಇಲ್ಲದಿದ್ರೆ ನಿಮ್ಮ ಪಾರ್ಸಲ್ ಇನ್ನೂ ಜಗಲೀಲೇ ಇರ್ತಿತ್ತು’ ಎಂದಿರಿ.

ತಮ್ಮ ನಿಮ್ಮ ಪತ್ರದ ಅರ್ಧವನ್ನು ಮಾತ್ರ ಓದಿ ಹೇಳಿದ್ದ. ಉಳಿದ ಅರ್ಧವನ್ನು ನೀವೇ ಬಂದು ಹೇಳಿದಿರಿ.

ಕ್ಯಾಷಿಯರ್ ಕೂತದ್ದು ಎರಡು ತಿರುವು. ನಾನು ಕೂತದ್ದು ಒಂದು ವರ್ಷಕ್ಕೂ ಮೇಲೆ. ಒದ್ದೆ ಮಾಡಿದ ಟವಲನ್ನು ಕಾಲಡಿ ಹಾಕಿಕೊಂಡು ಕೂರುತ್ತಿದ್ದೆ, ಅದು ಒಣಗಿದ ಮೇಲೆ ಬಾಟಲಿಯ ನೀರು ಸುರಿಯುತ್ತಿದ್ದೆ. ‘ಮ್ಯಾಟ್ ಹಾಳಾಗುತ್ತೆ’ ಎನ್ನುತ್ತಿದ್ದಿರಿ. ಸ್ವಲ್ಪ ಬಿಸಿ ಎಂದು ಹೇಳುತ್ತಿದ್ದೆನಂತೆ. ಹೌದು. ಹಾಗೇ ಹೇಳುತ್ತಿದ್ದೆ. ಒಮ್ಮೆ ಜೋರಾಗಿ ಹೇಳಿದ್ದೆ, ಪೆಟ್ರೋಲ್ ಬಂಕಿನಲ್ಲಿ. ‘ನಾಲ್ಕು ಜನರ ಮುಂದೆ ಮಾನ ಕಳೀಬೇಡ’ ಎಂದು ಗದರಿದಿರಿ. ಆಮೇಲೆ ಸ್ವಲ್ಪ ಎಂದೇ ಹೇಳಿದೆ. ನಿಮ್ಮ ಕ್ಯಾಷಿಯರ್ ಗೆಳೆಯರು ಅದೇ ಮಾತನ್ನು ಕಿರುಚಿ ಹೇಳಿದರು, ಊರಿಗೆಲ್ಲ ಹೇಳಿದರು, ನಿಮ್ಮ ಮಾನ ಕಳೆದರು. ನೀವು ಅಂಗಡಿ ಮುಚ್ಚಿ ಸರಿಮಾಡಿ, ಮತ್ತೆ ಅವರನ್ನೇ ಕರೆತಂದು ಕೂರಿಸಿ ಸರಿಯಾಯಿತೇ ಎಂದು ಕೇಳಿದಿರಿ.

ಅಡ್ಜಸ್ಟ್ ಎಂಬ ಮಾತನ್ನು ನೀವು ದಿನಕ್ಕೆ ಹತ್ತು ಸಲ ಹೇಳುತ್ತೀರಿ. ಕೇಬಲ್ಲನ್ನು ಅಡ್ಜಸ್ಟ್ ಮಾಡಬೇಕು ಎನ್ನುವಾಗ ಕೈಗೆ ಸ್ಪ್ಯಾನರ್ ತೆಗೆದುಕೊಳ್ಳುತ್ತಿದ್ದಿರಿ. ನನಗೆ ಅಡ್ಜಸ್ಟ್ ಮಾಡ್ಕೋ ಎನ್ನುವಾಗ ರೇಡಿಯೋ ಜೋರು ಮಾಡುತ್ತಿದ್ದಿರಿ.

ನೀವು ನನ್ನ ಕಾಲು ಸುಡಲಿ ಎಂದು ಮಾಡಿದವರಲ್ಲ. ಅದು ನನಗೆ ಗೊತ್ತು. ಅಷ್ಟಾದರೂ ನನ್ನನ್ನು ನೆನೆದಿದ್ದರೆ ನನಗೆ ಸಿಟ್ಟು ಮಾಡಲು ಏನಾದರೂ ಸಿಗುತ್ತಿತ್ತು. ನೆಲ ತಣ್ಣಗಾದರೆ ಬರುತ್ತೇನೆ ಎಂದಿದ್ದೆ. ಮಾತಿಗೆ ತಪ್ಪಿದ್ದು ನಾನೇ, ನೀವಲ್ಲ. ಹಾಗೆಂದು ಬೀದಿಯವರಿಗೆ ಧಾರಾಳವಾಗಿ ಹೇಳಿ.

ಇಲ್ಲಿ ಗ್ಯಾಸ್ಕೆಟ್ಟಿನ ಕೆಲಸ ಹೆಚ್ಚಿದೆ. ಸಂಜೆ ಹೊಲಿಗೆಯನ್ನೂ ಮತ್ತೆ ಹಿಡಿಯಬೇಕೆಂದಿದ್ದೇನೆ. ಮುಂದಿನ ತಿಂಗಳು ಒಂದು ದಿನ ಬಸ್ಸಿನಲ್ಲಿ ಬಂದು ನನ್ನ ಹೊಲಿಗೆಯ ಯಂತ್ರವನ್ನು ತೆಗೆದುಕೊಂಡು ಹೋಗುತ್ತೇನೆ. ಬೀಗದ ಕೈ ನನ್ನ ಹತ್ತಿರ ಇದೆ. ನೀವು ಅಂಗಡಿ ಮುಚ್ಚಿ ಬರಬೇಕಾಗಿಲ್ಲ.

ಇಂತಿ,
ಹೊಲಿಗೆಯವಳು


ಜುಲೈ ೧೧

ಭಾಮೈದನಿಗೆ,

ನಿನ್ನ ಅಕ್ಕ ಬಂದು ಹೋದಳು ಎಂದು ಎದುರುಮನೆಯ ಟೀಚರ್ ಹೇಳಿದರು. ನಾನು ಅಂಗಡಿಯಲ್ಲಿದ್ದೆ. ಬರುವ ದಿನ ಇದೇ ಎಂದು ಗೊತ್ತಿದ್ದರೆ ಏನು ಮಾಡುತ್ತಿದ್ದೆ ಎಂದು ನನಗೂ ಗೊತ್ತಿಲ್ಲ. ಬೀಗದ ಕೈಯನ್ನು ಟೀಚರ್ ಕೈಗೆ ಕೊಟ್ಟು ಹೋಗಿದ್ದಾಳೆ. ಯಂತ್ರವನ್ನು ಒಬ್ಬಳೇ ಎತ್ತಿಕೊಂಡು ಬಸ್ ಸ್ಟಾಪಿನವರೆಗೆ ಹೋದಳಂತೆ. ಟೀಚರ್ ಜೊತೆಗೆ ಬರುತ್ತೇನೆಂದರೂ ಬೇಡ ಎಂದಳಂತೆ. ಯಂತ್ರ ಇದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿದಿದೆ. ಸೋಪು ಹಾಕಿ ಉಜ್ಜಿದೆ, ಹೋಗಲಿಲ್ಲ.

ಗಾಡಿಯ ಪಕ್ಕದ ಸೀಟು ಬಿಚ್ಚಿಟ್ಟಿದ್ದೇನೆ. ಕೂರುವವರಿಲ್ಲದ ಸೀಟಿನ ತೂಕವನ್ನು ಗಾಡಿ ಯಾಕೆ ಸುಮ್ಮನೆ ಹೊರಬೇಕು? ಗೆಳೆಯರು ಬಂದರೆ ಹಿಂದೆ ಕೂರುತ್ತಾರೆ. ಈಗೀಗ ಅವರೂ ಅಷ್ಟಾಗಿ ಬರುವುದಿಲ್ಲ. ಗುಡ್ಡದಲ್ಲಿ ಗಾಡಿ ಇನ್ನೂ ಚುರುಕಾಗಿದೆ. ಸದ್ದಿಲ್ಲ, ಬಿಸಿಯಿಲ್ಲ, ನಿನ್ನ ಬೆಸುಗೆ ಇವತ್ತಿನವರೆಗೂ ಒಂದು ಬಿರುಕೂ ಬಿಟ್ಟಿಲ್ಲ.

ಒಂದು ತೊಂದರೆ ಮಾತ್ರ ಹೊಸದಾಗಿ ಶುರುವಾಗಿದೆ. ನೇರವಾದ ರಸ್ತೆಯಲ್ಲಿ, ಗಾಳಿ ಇಲ್ಲದಾಗಲೂ, ಸ್ಟೇರಿಂಗಿನಿಂದ ಕೈ ಸಡಿಲ ಮಾಡಿದರೆ ಗಾಡಿ ನನ್ನ ಕಡೆಗೇ ವಾಲಿ ಎಳೆಯುತ್ತದೆ. ಚಕ್ರದ ಗಾಳಿ ನೋಡಿದೆ, ಸರಿಯಾಗಿದೆ. ಸ್ಪ್ರಿಂಗು ನೋಡಿದೆ. ಚಕ್ರಗಳ ಅಲೈನ್‌ಮೆಂಟನ್ನು ಎರಡು ಕಡೆ ಮಾಡಿಸಿದೆ. ಏನೂ ಕೆಟ್ಟಿಲ್ಲ ಎನ್ನುತ್ತಾರೆ.

ಏನು ಮಾಡಬೇಕು, ಬರೆ.

ನಿನ್ನ ಭಾವ